ಜರ್ಮನಿ ಕೆಲಸಕ್ಕೆ ಹೊರಟವರಿಗೆ: ಸಂಬಳದ ಆಚೆಗಿನ ಸೌಲಭ್ಯಗಳನ್ನು ಗಡುವು ತಪ್ಪದೆ ಪಡೆಯುವುದು ಹೇಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಜರ್ಮನಿಗೆ ಹೋಗುವವರಲ್ಲಿ ಎರಡು ಗುಂಪು ಎದ್ದು ಕಾಣುತ್ತದೆ. ಬಿಐಇಟಿ, ಯುಬಿಡಿಟಿ, ಎಸ್‌ಜೆಎಂಐಟಿಯಂಥ ಕಾಲೇಜಲ್ಲಿ ಓದಿ, ಬೆಂಗಳೂರಲ್ಲಿ ಒಂದಷ್ಟು ವರ್ಷ ದುಡಿದು, ಬ್ಲೂ ಕಾರ್ಡ್, ಅಂದರೆ ಓದಿದ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಅದರ ಮೇಲೆ ಹೋಗುವ ಎಂಜಿನಿಯರುಗಳು ಒಂದು. ಬಿಎಸ್ಸಿ ನರ್ಸಿಂಗ್ ಮುಗಿಸಿ, ಜರ್ಮನ್ ಭಾಷೆಯ ಪರೀಕ್ಷೆ ಪಾಸ್ ಮಾಡಿ ಅಲ್ಲಿನ ಆಸ್ಪತ್ರೆ ಸೇರುವ ಹುಡುಗ ಹುಡುಗಿಯರು ಇನ್ನೊಂದು. ಇಬ್ಬರ ಮನೆಯಲ್ಲೂ ಕೇಳುವ ಮೊದಲ ಪ್ರಶ್ನೆ ಒಂದೇ, ಸಂಬಳ ಎಷ್ಟು? ಯೂರೊ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ ಎಲ್ಲರೂ ಖುಷಿ ಪಡುತ್ತಾರೆ. ಆಮೇಲೆ ಮೊದಲ ತಿಂಗಳ ಪೇ ಸ್ಲಿಪ್ ಬಂದಾಗ, ಮೂರನೇ ಒಂದು ಭಾಗ ಎಲ್ಲಿ ಹೋಯಿತು ಅಂತ ಗಾಬರಿ ಆಗುತ್ತದೆ.

ಹೋದ ದುಡ್ಡಿನ ದೊಡ್ಡ ಪಾಲು ನಿಮ್ಮ ಹೆಸರಲ್ಲೇ ಹಕ್ಕಾಗಿ ಕೂತಿರುತ್ತದೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಅಲ್ಲಿ ಬಹಳಷ್ಟು ಸೌಲಭ್ಯ ತಾನಾಗಿ ಬರುವುದಿಲ್ಲ. ಅರ್ಜಿ ಹಾಕಬೇಕು, ಪ್ರತಿಯೊಂದಕ್ಕೂ ಒಂದು ಗಡುವು ಇದೆ, ಗಡುವು ದಾಟಿದರೆ ಯಾರೂ ಫೋನ್ ಮಾಡಿ ಕರೆಯುವುದಿಲ್ಲ. ಹಾಗಾಗಿ ಇದನ್ನು ಗಡುವಿನ ಲೆಕ್ಕದಲ್ಲೇ ಬರೆದಿದ್ದೇನೆ. ಅಂಕಿಗಳು 2025ರವು, ಬೇರೆ ವರ್ಷದ್ದಾದರೆ ಹೇಳಿದ್ದೇನೆ. ಇವು ಸಾಮಾನ್ಯವಾಗಿ ಪ್ರತಿ ಜನವರಿಗೆ ಬದಲಾಗುತ್ತವೆ, ಹೊರಡುವ ವರ್ಷದ ಅಂಕಿ ಒಮ್ಮೆ ನೋಡಿಕೊಳ್ಳಿ.

ಆಫರ್ ಲೆಟರ್ ಕೈಗೆ ಬಂದಾಗ

ಅದರಲ್ಲಿ ಬರೆದಿರುವುದು ಬ್ರುಟ್ಟೊ, ಅಂದರೆ ಕಡಿತಕ್ಕೆ ಮುಂಚಿನ ಸಂಬಳ. ಕೈಗೆ ಸಿಗುವುದು ನೆಟ್ಟೊ. 2025ರಲ್ಲಿ ಬ್ಲೂ ಕಾರ್ಡಿಗೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 48,300 ಯೂರೊ, ಅಂದರೆ ತಿಂಗಳಿಗೆ 4,025 (ಎಂಜಿನಿಯರಿಂಗ್ ಥರದ, ಜನ ಸಾಲದ ಕೆಲಸಗಳಿಗೆ ಮಿತಿ ಇದಕ್ಕಿಂತ ಕಡಿಮೆ). ಮದುವೆ ಆಗದ, ಮಕ್ಕಳಿಲ್ಲದ ಒಬ್ಬರ ಲೆಕ್ಕ ಹಾಕೋಣ. ಪೆನ್ಷನ್ನಿಗೆ ಶೇ. 9.3, ನಿರುದ್ಯೋಗ ವಿಮೆಗೆ ಶೇ. 1.3, ಆರೋಗ್ಯ ವಿಮೆಗೆ ಸುಮಾರು ಶೇ. 8.5, ವಯಸ್ಸಾದ ಮೇಲೆ ಅಥವಾ ಹಾಸಿಗೆ ಹಿಡಿದಾಗ ನೋಡಿಕೊಳ್ಳುವ ಆರೈಕೆ ವಿಮೆಗೆ ಶೇ. 2.4. ಇಷ್ಟಕ್ಕೇ ಸುಮಾರು 870 ಯೂರೊ ಆಯಿತು. ಆದಾಯ ತೆರಿಗೆ ಹತ್ತಿರ ಹತ್ತಿರ 540. ಕೊನೆಗೆ ಕೈಗೆ ಬರುವುದು ಸುಮಾರು 2,600 ಯೂರೊ. ಬಾಡಿಗೆ, ಊಟ, ಊರಿಗೆ ಕಳಿಸುವುದು ಎಲ್ಲ ಇದರಲ್ಲೇ. ಬ್ಯಾಂಕ್ ಸಾಲದ ಕಂತನ್ನು ಲೆಕ್ಕ ಹಾಕುವಾಗ ದಯವಿಟ್ಟು ಈ ಅಂಕಿ ಇಟ್ಟುಕೊಳ್ಳಿ, ಬ್ರುಟ್ಟೊ ಇಟ್ಟುಕೊಳ್ಳಬೇಡಿ.

ಪೆನ್ಷನ್ನಿಗೆ, ವಿಮೆಗಳಿಗೆ ನಿಮ್ಮಿಂದ ಕಡಿದಷ್ಟೇ, ಹೆಚ್ಚು ಕಡಿಮೆ, ಕಂಪನಿಯೂ ಕಟ್ಟುತ್ತದೆ. ನಮ್ಮ ಪಿಎಫ್ ಥರವೇ ಅಂದುಕೊಳ್ಳಿ. ಆದರೆ ನಮ್ಮಲ್ಲಿ ಇಎಸ್‌ಐ ಇರುವುದು ತಿಂಗಳಿಗೆ 21,000 ರೂಪಾಯಿ ಒಳಗಿನವರಿಗೆ ಮಾತ್ರ, ಅಲ್ಲಿ ಆರೋಗ್ಯ ವಿಮೆ ಇಲ್ಲದೆ ಇರುವಂತೆಯೇ ಇಲ್ಲ. ಇನ್ನೊಂದು ವಿಷಯ, ಗ್ರ್ಯಾಚುಟಿ ಅನ್ನುವುದು ಅಲ್ಲಿನ ಕಾನೂನಲ್ಲಿ ಇಲ್ಲ. ಐದು ವರ್ಷ ಆದ ಮೇಲೆ ಕೆಲಸ ಬಿಟ್ಟರೆ ಒಂದು ಗಂಟು ಸಿಗುತ್ತದೆ ಅಂತ ಕಾಯಬೇಡಿ.

ಸಹಿ ಹಾಕುವ ಮುಂಚೆ ನಾಲ್ಕು ವಿಷಯ ಬರಹದಲ್ಲಿ ಕೇಳಿ. ರಜೆ ಎಷ್ಟು ದಿನ? ವಾರಕ್ಕೆ 5 ದಿನ ಕೆಲಸ ಇದ್ದರೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ, ಆದರೆ ತುಂಬಾ ಕಂಪನಿಗಳು 25ರಿಂದ 30 ಕೊಡುತ್ತವೆ, ಅದಕ್ಕೇ 20 ಅಂತ ಬರೆದಿದ್ದರೆ ಜಾಸ್ತಿ ಕೇಳೋಕೆ ಹಿಂಜರಿಯಬೇಡಿ. ಪ್ರೊಬೇಷನ್ ಎಷ್ಟು ತಿಂಗಳು? 6 ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ, ಆ ಅವಧಿಯಲ್ಲಿ ಎರಡು ವಾರದ ನೋಟಿಸಿಗೆ ಕೆಲಸ ಹೋಗಬಹುದು. ಹದಿಮೂರನೇ ತಿಂಗಳ ಸಂಬಳ ಅಥವಾ ಕ್ರಿಸ್‌ಮಸ್ ಬೋನಸ್ ಇದೆಯಾ? ಇದು ಕಾನೂನಿನ ಹಕ್ಕಲ್ಲ, ಒಪ್ಪಂದದಲ್ಲಿ ಇದ್ದರೆ ಮಾತ್ರ. ಕೊನೆಯದು, ವೀಸಾ, ವಿಮಾನ, ಭಾಷಾ ಕೋರ್ಸಿನ ಖರ್ಚು ಯಾರದು, ಮಧ್ಯೆ ಕೆಲಸ ಬಿಟ್ಟರೆ ವಾಪಸ್ ಕೊಡಬೇಕಾ?

ಈ ಕೊನೆಯ ಪ್ರಶ್ನೆ ನರ್ಸ್‌ಗಳಿಗೆ ಬಹಳ ಮುಖ್ಯ. ಹುಡುಗಿಯ ಕೈಯಿಂದ ಲಕ್ಷಗಟ್ಟಲೆ ಕಟ್ಟಿಸಿಕೊಂಡು ಕಳಿಸುವ ಏಜೆಂಟರು ಇದ್ದಾರೆ. ಜರ್ಮನಿಯಲ್ಲಿ ವಿದೇಶಿ ನರ್ಸ್‌ಗಳ ನೇಮಕಕ್ಕೆ ಸರ್ಕಾರದ್ದೇ ಒಂದು ಗುಣಮಟ್ಟದ ಮುದ್ರೆ ಇದೆ, ಅದರ ಹೆಸರು 'ಫೇರ್ ಅನ್‌ವೆರ್ಬುಂಗ್ ಫ್ಲೇಗೆ ಡೊಯ್ಚ್‌ಲಾಂಡ್'. ಅದರ ನಿಯಮದಂತೆ ನೇಮಕದ ಖರ್ಚು ಆಸ್ಪತ್ರೆಯದು, ನರ್ಸಿನದಲ್ಲ. ಏಜೆನ್ಸಿಗೆ ಈ ಮುದ್ರೆ ಇದೆಯಾ ಅಂತ ನೇರವಾಗಿ ಕೇಳಿ. ಇನ್ನೊಂದು, ನಿಮ್ಮ ಪದವಿಗೆ ಅಲ್ಲಿ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳವೇ ಕೊಡುತ್ತಾರೆ. ಮಾನ್ಯತೆ ಪತ್ರ ಬಂದ ದಿನದಿಂದ ಪೂರ್ತಿ ನರ್ಸ್ ಸಂಬಳ ಅಂತ ಒಪ್ಪಂದದಲ್ಲಿ ಬರೆಸಿಕೊಳ್ಳಿ, ಬಾಯಿ ಮಾತಿಗೆ ಬಿಡಬೇಡಿ. ನಗರ, ಜಿಲ್ಲಾಡಳಿತದ ಆಸ್ಪತ್ರೆಯಾದರೆ ಸಾಮಾನ್ಯವಾಗಿ ಟಿವಿಒಡಿ ಅನ್ನುವ ವೇತನ ಒಪ್ಪಂದ ಅನ್ವಯಿಸುತ್ತದೆ. ಅದರಲ್ಲಿ 30 ದಿನ ರಜೆ, ವರ್ಷದ ವಿಶೇಷ ಪಾವತಿ, ಹೆಚ್ಚುವರಿ ಪೆನ್ಷನ್ ಎಲ್ಲ ಇದೆ. ಕೈಗೆ ಬರುವ ಸಂಬಳ ಐವತ್ತು ಯೂರೊ ಕಡಿಮೆ ಇದ್ದರೂ ನಾನಾದರೆ ಇಂಥ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ. ರಾತ್ರಿ ಪಾಳಿ, ಭಾನುವಾರದ ಪಾಳಿಗೆ ಕೊಡುವ ಹೆಚ್ಚುವರಿ ಹಣಕ್ಕೆ ಒಂದು ಮಿತಿಯವರೆಗೆ ತೆರಿಗೆಯೂ ಇಲ್ಲ.

ಹೊರಡುವ ಮುಂಚೆ ಊರಲ್ಲೇ ಮಾಡಿಕೊಳ್ಳಬೇಕಾದ ಕೆಲಸ ಒಂದಿದೆ. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇಡುತ್ತೇವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಥರ, ಪಾಸ್‌ಪೋರ್ಟಲ್ಲಿ ಇನ್ನೊಂದು ಥರ, ಮದುವೆ ಪ್ರಮಾಣಪತ್ರದಲ್ಲಿ ಮತ್ತೊಂದು. ಹೆಂಡತಿಯ ವೀಸಾದಿಂದ ಹಿಡಿದು ಮಗುವಿನ ಭತ್ಯೆವರೆಗೆ ಇದು ಕಾಡುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರ, ಎಲ್ಲರ ಜನನ ಪ್ರಮಾಣಪತ್ರ, ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಇರಲಿ. ಅಲ್ಲಿಂದ ಕೂತು ತಿದ್ದಿಸಬೇಕಾದರೆ ಅಪ್ಪ ಅಮ್ಮ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ.

ಇಳಿದ ಮೊದಲ ಎರಡು ವಾರ

ಮನೆಗೆ ಸೇರಿದ 14 ದಿನದೊಳಗೆ ಊರಿನ ಬ್ಯುರ್ಗರ್‌ಆಮ್ಟ್ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಇದಾದ ಮೇಲೆಯೇ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ತಿಂಗಳಿಗೆ ಎಷ್ಟು ತೆರಿಗೆ ಕಡಿಯಬೇಕು ಅನ್ನುವುದಕ್ಕೆ ಅಲ್ಲಿ ಆರು ತೆರಿಗೆ ವರ್ಗಗಳಿವೆ. ಆ ಸಂಖ್ಯೆಯನ್ನು ಕಂಪನಿಗೆ ಕೊಡುವುದು ತಡವಾದರೆ ನಿಮ್ಮನ್ನು ಆರನೇ ತೆರಿಗೆ ವರ್ಗಕ್ಕೆ ಹಾಕಿ ತುಂಬಾ ಜಾಸ್ತಿ ಕಡಿಯಬಹುದು. ಆಮೇಲೆ ವಾಪಸ್ ಬರುತ್ತದೆ, ಆದರೂ ಮೊದಲ ತಿಂಗಳಲ್ಲೇ ಕೈ ಖಾಲಿ ಆದರೆ ಕಷ್ಟ ಅಲ್ವಾ? ಬಾಗಿಲ ಮೇಲೆ, ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ.

ನೋಂದಣಿಯ ಫಾರ್ಮಿನಲ್ಲಿ ಧರ್ಮ ಕೇಳುತ್ತಾರೆ. ಅದು ಚರ್ಚ್ ತೆರಿಗೆಗೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದರೆ ಆದಾಯ ತೆರಿಗೆಯ ಮೇಲೆ ಶೇ. 8 ಅಥವಾ 9 ಸೇರುತ್ತದೆ, ಯಾವ ರಾಜ್ಯ ಅನ್ನುವುದರ ಮೇಲೆ. ಹಿಂದೂ, ಮುಸ್ಲಿಮರಿಗೆ ಈ ತೆರಿಗೆ ಇಲ್ಲ.

ಮದುವೆ ಆಗಿದ್ದು ಹೆಂಡತಿ ಅಥವಾ ಗಂಡ ಇನ್ನೂ ವಿದ್ಯಾನಗರದಲ್ಲೋ ಹೊಳಲ್ಕೆರೆಯಲ್ಲೋ ಇದ್ದರೆ ನಿಮಗೆ ಒಂದನೇ ತೆರಿಗೆ ವರ್ಗವೇ. ಅವರು ಬಂದು ನೋಂದಣಿ ಮಾಡಿಸಿದ ಮೇಲೆ ಇಬ್ಬರಿಗೂ ನಾಲ್ಕನೇ ವರ್ಗ ಆಗುತ್ತದೆ. ಒಬ್ಬರೇ ದುಡಿಯುವ ಮನೆಯಾದರೆ ದುಡಿಯುವವರಿಗೆ ಮೂರು, ಇನ್ನೊಬ್ಬರಿಗೆ ಐದು ಅನ್ನುವ ಜೋಡಿಗೆ ನೀವೇ ಅರ್ಜಿ ಹಾಕಬೇಕು, ಆಗ ತಿಂಗಳಿಗೆ ಕೈಗೆ ಬರುವುದು ಜಾಸ್ತಿ ಆಗುತ್ತದೆ.

ಆರೋಗ್ಯ ವಿಮೆ: ಸರ್ಕಾರಿ ವ್ಯವಸ್ಥೆಯೋ ಖಾಸಗಿಯೋ

ಟಿಕೆ, ಎಒಕೆ, ಬಾರ್ಮರ್, ಡಿಎಕೆ, ಇವೆಲ್ಲ ಸಾರ್ವಜನಿಕ ವಿಮಾ ಸಂಸ್ಥೆಗಳು. ಇವಕ್ಕೆ ಕ್ರಾಂಕನ್‌ಕಾಸ್ಸೆ ಅನ್ನುತ್ತಾರೆ. ಮೂಲ ಸೌಲಭ್ಯ ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ, ಹೆಚ್ಚುವರಿ ದರದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ. ವರ್ಷದ ಸಂಬಳ ಒಂದು ಮಿತಿ (2025ರಲ್ಲಿ 73,800 ಯೂರೊ) ದಾಟಿದವರು ಖಾಸಗಿ ವಿಮೆಗೆ ಹೋಗಬಹುದು. ಒಂಟಿ ಹುಡುಗನಿಗೆ ಖಾಸಗಿ ಅಗ್ಗ ಅಂತ ಏಜೆಂಟರು ಹಿಂದೆ ಬೀಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮದುವೆ ಮಕ್ಕಳ ಯೋಚನೆ ಇರುವವರು ಸಾರ್ವಜನಿಕ ವಿಮೆಯಲ್ಲೇ ಇರುವುದು ಒಳ್ಳೆಯದು. ಯಾಕೆಂದರೆ ದುಡಿಯದ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳು ಅದರಲ್ಲಿ ಒಂದು ಪೈಸೆ ಜಾಸ್ತಿ ಇಲ್ಲದೆ ಸೇರುತ್ತಾರೆ. ಖಾಸಗಿಯಲ್ಲಿ ತಲೆಗೊಂದು ಕಂತು. ವಯಸ್ಸು 55 ದಾಟಿದ ಮೇಲೆ ಸಾರ್ವಜನಿಕ ವಿಮೆಗೆ ವಾಪಸ್ ಬರುವುದು ಬಹುತೇಕ ಆಗದ ಮಾತು.

ಈ ಉಚಿತ ಕುಟುಂಬ ವಿಮೆಗೆ ಅಪ್ಪ ಅಮ್ಮ ಸೇರುವುದಿಲ್ಲ. ಜರ್ಮನಿಯಲ್ಲಿ ವಾಸ ಇಲ್ಲದ ಹೆಂಡತಿ ಮಕ್ಕಳೂ ಇಲ್ಲ. ಅಪ್ಪ ಅಮ್ಮ ಬೇಸಿಗೆಯಲ್ಲಿ ಬಂದು ಹೋಗುವಾಗ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಬೇಕೇ ಬೇಕು, ಅದಿಲ್ಲದೆ ಶೆಂಗೆನ್ ವೀಸಾನೇ ಇಲ್ಲ. ಬಿಪಿ, ಶುಗರ್ ಮೊದಲೇ ಇರುವವರಿಗೆ ಯಾವುದಕ್ಕೆ ಕೊಡುತ್ತಾರೆ, ಯಾವುದಕ್ಕೆ ಇಲ್ಲ ಅನ್ನುವ ಪುಟ ಓದದೆ ವಿಮೆ ಕೊಳ್ಳಬೇಡಿ.

ಹುಷಾರು ತಪ್ಪಿದರೆ

ಈ ಸೌಲಭ್ಯವನ್ನು ನಮ್ಮವರು ಸರಿಯಾಗಿ ಬಳಸುವುದೇ ಇಲ್ಲ. ಜ್ವರ ಇದ್ದರೂ ಕೆಲಸಕ್ಕೆ ಹೋಗುತ್ತಾರೆ, ರಜೆ ಕಡಿಯುತ್ತಾರೆ ಅಂತ ಹೆದರುತ್ತಾರೆ. ಕಡಿಯುವುದಿಲ್ಲ. ಕೆಲಸ ಸೇರಿ 4 ವಾರ ಆದ ಮೇಲೆ, ಕಾಯಿಲೆ ಬಿದ್ದರೆ 6 ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡಲೇಬೇಕು. ಅದಕ್ಕೂ ಮೀರಿದರೆ ವಿಮಾ ಸಂಸ್ಥೆ ಕ್ರಾಂಕನ್‌ಗೆಲ್ಟ್ ಕೊಡುತ್ತದೆ. ಅದು ಬ್ರುಟ್ಟೊ ಸಂಬಳದ ಶೇ. 70, ಆದರೆ ನೆಟ್ಟೊದ ಶೇ. 90 ದಾಟುವಂತಿಲ್ಲ. ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ ಒಟ್ಟು 78 ವಾರದವರೆಗೆ ಸಿಗುತ್ತದೆ, ಸಂಬಳ ಬಂದ ಮೊದಲ 6 ವಾರವೂ ಅದರಲ್ಲೇ ಸೇರಿದೆ.

ನೀವು ಮಾಡಬೇಕಾದ್ದು ಇಷ್ಟು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆಯೇ ತಿಳಿಸಿ. ಮೂರು ದಿನಕ್ಕಿಂತ ಜಾಸ್ತಿ ಆದರೆ ನಾಲ್ಕನೇ ದಿನಕ್ಕೆ ಡಾಕ್ಟರ ಪತ್ರ ಬೇಕು, ಕೆಲವು ಕಂಪನಿಗಳು ಮೊದಲ ದಿನದಿಂದಲೇ ಕೇಳುತ್ತವೆ, ಒಪ್ಪಂದದಲ್ಲಿ ಇರುತ್ತದೆ. 2023ರಿಂದ ಸಾರ್ವಜನಿಕ ವಿಮೆಯವರ ಪತ್ರ ಡಾಕ್ಟರಿಂದ ವಿಮಾ ಸಂಸ್ಥೆಗೆ ಕಂಪ್ಯೂಟರಲ್ಲೇ ಹೋಗುತ್ತದೆ, ಕಂಪನಿ ಅಲ್ಲಿಂದ ತೆಗೆದುಕೊಳ್ಳುತ್ತದೆ. ಏನು ಕಾಯಿಲೆ ಅಂತ ಬಾಸ್‌ಗೆ ಹೇಳಬೇಕಾಗಿಲ್ಲ.

ಈಗ ನಮ್ಮೂರಿಗೆ ಸಂಬಂಧಪಟ್ಟ ವಿಷಯ. ವರ್ಷವಿಡೀ ರಜೆ ಕೂಡಿಟ್ಟು ದುಗ್ಗಮ್ಮನ ಜಾತ್ರೆಗೋ ತಂಗಿ ಮದುವೆಗೋ ಬರುತ್ತೀರಿ, ಬಂದ ನಾಲ್ಕನೇ ದಿನಕ್ಕೆ ಟೈಫಾಯಿಡ್ ಅಥವಾ ಡೆಂಗಿ ಹಿಡಿದು ಮಲಗುತ್ತೀರಿ. ರಜೆ ಹಾಳಾಯಿತು ಅಂತ ಸುಮ್ನೆ ಇದ್ದುಬಿಡುತ್ತಾರೆ ಹೆಚ್ಚಿನವರು. ಜರ್ಮನಿಯ ರಜೆ ಕಾನೂನಿನಲ್ಲಿ, ರಜೆಯ ಮಧ್ಯೆ ಕಾಯಿಲೆ ಬಿದ್ದರೆ ಆ ದಿನಗಳು ರಜೆಯ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರ ಪತ್ರ ಇದ್ದರೆ ಅಷ್ಟು ದಿನ ವಾಪಸ್ ಸಿಗುತ್ತದೆ. ದಾವಣಗೆರೆಯಲ್ಲಿ ಮಲಗಿದ್ದರೂ ಸಿಗುತ್ತದೆ.

ಆದರೆ ಕ್ರಮ ತಪ್ಪಬಾರದು. ಹುಷಾರು ತಪ್ಪಿದ ದಿನವೇ ಕಂಪನಿಗೆ ಇಮೇಲ್ ಮಾಡಿ, ಎಷ್ಟು ದಿನ ಆಗಬಹುದು ಅಂತ ಬರೆದು, ಊರಲ್ಲಿ ಇರುವ ಮನೆಯ ವಿಳಾಸವನ್ನೂ ಕೊಡಿ. ವಿಮಾ ಸಂಸ್ಥೆಗೂ ತಿಳಿಸಿ. ಇಲ್ಲಿನ ಡಾಕ್ಟರು ಸಾಮಾನ್ಯವಾಗಿ ಚೀಟಿಯಲ್ಲಿ ಔಷಧಿ ಬರೆದು, ಕೆಳಗೆ ವಿಶ್ರಾಂತಿ ಬೇಕು ಅಂತ ಒಂದು ಸಾಲು ಗೀಚುತ್ತಾರೆ. ಅದು ಸಾಲದು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಈ ವ್ಯಕ್ತಿ ಕೆಲಸ ಮಾಡುವ ಸ್ಥಿತಿಯಲ್ಲಿ ಇಲ್ಲ ಅಂತ ಇಂಗ್ಲಿಷಿನಲ್ಲಿ, ಲೆಟರ್‌ಹೆಡ್ ಮೇಲೆ, ಸೀಲು, ಸಹಿ, ನೋಂದಣಿ ಸಂಖ್ಯೆ ಸಮೇತ ಬರೆಸಿಕೊಳ್ಳಿ. ಕಂಪ್ಯೂಟರ್ ವ್ಯವಸ್ಥೆ ಇಲ್ಲಿನ ಡಾಕ್ಟರಿಗೆ ಇಲ್ಲ, ಹಾಗಾಗಿ ಕಾಗದವನ್ನು ನೀವೇ ಕಳಿಸಬೇಕು. ಮತ್ತೆ ವಾಪಸ್ ಹೋಗುವ ತಾರೀಖನ್ನು ನೀವೇ ಮುಂದಕ್ಕೆ ಹಾಕಿಕೊಳ್ಳುವಂತಿಲ್ಲ. ಹುಷಾರಾದ ಮೇಲೆ ಉಳಿದ ರಜೆಯನ್ನು ಬೇರೆ ಕೇಳಿಯೇ ತೆಗೆದುಕೊಳ್ಳಬೇಕು.

ಇಲ್ಲಿನ ಆಸ್ಪತ್ರೆ ಬಿಲ್ಲನ್ನು ಜರ್ಮನಿಯ ಸಾರ್ವಜನಿಕ ವಿಮೆ ಕೊಡುವುದಿಲ್ಲ. ಊರಿಗೆ ಬರುವ ಮುಂಚೆ ವಿದೇಶ ಪ್ರವಾಸದ ಆರೋಗ್ಯ ವಿಮೆ ಬೇರೆ ಮಾಡಿಸಿ. ಅಲ್ಲಿ ಅದು ಅಗ್ಗ, ಇಡೀ ವರ್ಷಕ್ಕೆ ಒಮ್ಮೆ ಕಟ್ಟಿದರೆ ಆಯಿತು.

ರಜೆ ಬಗ್ಗೆ ಇನ್ನೊಂದೇ ಮಾತು. ಉಳಿದ ರಜೆ ಸಾಮಾನ್ಯವಾಗಿ ಡಿಸೆಂಬರ್ 31ಕ್ಕೆ, ತಪ್ಪಿದರೆ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದರೆ ಕಾನೂನಿನ ಕನಿಷ್ಠ ರಜೆಯ ವಿಷಯದಲ್ಲಿ, ಇಷ್ಟು ದಿನ ಉಳಿದಿದೆ, ಹೋಗುತ್ತದೆ, ತೆಗೆದುಕೊಳ್ಳಿ ಅಂತ ಕಂಪನಿ ಮೊದಲೇ ಎಚ್ಚರಿಸಿರಬೇಕು. ಎಚ್ಚರಿಸದೆ ಕಿತ್ತುಕೊಳ್ಳುವಂತಿಲ್ಲ.

ಮಗು ಬರುವಾಗ

ಹೆರಿಗೆಗೆ ಮುಂಚೆ 6 ವಾರ, ಆದ ಮೇಲೆ 8 ವಾರ ರಜೆ, ಅವಳಿ ಮಕ್ಕಳು ಅಥವಾ ಅವಧಿಗೆ ಮುಂಚಿನ ಹೆರಿಗೆಯಾದರೆ ಆಮೇಲಿನದು 12 ವಾರ. ಸಾರ್ವಜನಿಕ ವಿಮೆ ದಿನಕ್ಕೆ 13 ಯೂರೊವರೆಗೆ ಕೊಡುತ್ತದೆ, ಉಳಿದದ್ದನ್ನು ಕಂಪನಿ ತುಂಬಿಸಿ ನೆಟ್ಟೊ ಸಂಬಳದಷ್ಟೇ ಆಗುವಂತೆ ಮಾಡುತ್ತದೆ. ಬಸುರಿಯಾದಾಗಿನಿಂದ ಹೆರಿಗೆಯಾಗಿ ನಾಲ್ಕು ತಿಂಗಳವರೆಗೆ ಕೆಲಸದಿಂದ ತೆಗೆಯುವಂತಿಲ್ಲ, ಪ್ರೊಬೇಷನ್ನಿನಲ್ಲಿ ಇದ್ದರೂ ಅಷ್ಟೇ. ನರ್ಸ್‌ಗಳು ಬಸುರಿ ಅಂತ ಗೊತ್ತಾದ ಕೂಡಲೇ ಹೇಳಿಬಿಡುವುದು ಒಳ್ಳೆಯದು, ರಾತ್ರಿ ಪಾಳಿ, ಭಾರ ಎತ್ತುವ ಕೆಲಸ, ಸೋಂಕಿನ ವಾರ್ಡುಗಳಿಂದ ರಕ್ಷಣೆ ಸಿಗುವುದು ಹೇಳಿದ ಮೇಲೆಯೇ.

ಆಮೇಲೆ ಎಲ್ಟರ್ನ್‌ಗೆಲ್ಟ್. ಮಗು ನೋಡಿಕೊಳ್ಳಲು ಮನೆಯಲ್ಲಿ ಇರುವ ತಾಯಿಗೋ ತಂದೆಗೋ ಸರ್ಕಾರ ಕೊಡುವ ಹಣ. ಹೆಚ್ಚಿನವರಿಗೆ ಹಿಂದಿನ ನೆಟ್ಟೊ ಸಂಬಳದ ಶೇ. 65ರಿಂದ 67, ತಿಂಗಳಿಗೆ ಕನಿಷ್ಠ 300, ಗರಿಷ್ಠ 1,800 ಯೂರೊ. ಇಬ್ಬರೂ ಹಂಚಿಕೊಂಡರೆ ಒಟ್ಟು 14 ತಿಂಗಳು. ಅರ್ಜಿಯ ಹಿಂದಿನ ಮೂರು ತಿಂಗಳಿಗೆ ಮಾತ್ರ ಹಣ ಕೊಡುತ್ತಾರೆ. ಬಾಣಂತನದ ಗಡಿಬಿಡಿಯಲ್ಲಿ ಐದು ತಿಂಗಳು ಕಳೆದು ಅರ್ಜಿ ಹಾಕಿದರೆ ಎರಡು ತಿಂಗಳ ಹಣ ಹೋಯಿತು. ಹೆರಿಗೆಗೆ ಮುಂಚೆಯೇ ಫಾರ್ಮ್ ತುಂಬಿಟ್ಟು, ಜನನ ಪತ್ರ ಬಂದ ದಿನ ಕಳಿಸಿಬಿಡಿ. ಕೆಲಸದಿಂದ ಬಿಡುವು ಬೇಕಾದರೆ ಕಂಪನಿಗೆ 7 ವಾರ ಮುಂಚೆ ತಿಳಿಸಬೇಕು, ಅದು ಬೇರೆ ಅರ್ಜಿ. ತಂದೆ ತಾಯಿ ಇಬ್ಬರಿಗೂ ತಲಾ ಮೂರು ವರ್ಷದವರೆಗೆ ಆ ಬಿಡುವಿನ ಹಕ್ಕಿದೆ.

ತೆರಿಗೆ ವರ್ಗ ಇಲ್ಲಿ ಮತ್ತೆ ಬರುತ್ತದೆ. ಹೆಂಡತಿ ಐದನೇ ವರ್ಗದಲ್ಲಿ ದುಡಿಯುತ್ತಿದ್ದರೆ ಅವಳ ನೆಟ್ಟೊ ಕಡಿಮೆ, ಎಲ್ಟರ್ನ್‌ಗೆಲ್ಟ್ ಕೂಡ ಕಡಿಮೆ. ಮಗುವಿನ ಯೋಚನೆ ಇದ್ದರೆ ಹೆರಿಗೆ ರಜೆ ಶುರುವಾಗುವ ಏಳು ತಿಂಗಳಿಗೂ ಮುಂಚೆ ವರ್ಗ ಬದಲಾಯಿಸಿಕೊಂಡಿರಬೇಕು. ಅಂದರೆ ಬಸುರಿ ಅಂತ ಗೊತ್ತಾಗುವ ಹೊತ್ತಿಗೇ ಕೈ ಹಾಕಬೇಕು.

ಕಿಂಡರ್‌ಗೆಲ್ಟ್ ಅಂದರೆ ಪ್ರತಿ ಮಗುವಿಗೆ ತಿಂಗಳು ತಿಂಗಳು ಬರುವ ಭತ್ಯೆ, 2025ರಲ್ಲಿ 255 ಯೂರೊ, 2026ರಿಂದ 259. ಫಮಿಲಿಯೆನ್‌ಕಾಸ್ಸೆ ಅನ್ನುವ ಕಚೇರಿಗೆ ಅರ್ಜಿ. ಹಿಂದಿನ 6 ತಿಂಗಳದ್ದು ಮಾತ್ರ ಕೊಡುತ್ತಾರೆ. ಮಗುವನ್ನು ಅಜ್ಜಿ ಹತ್ತಿರ ಚಳ್ಳಕೆರೆಯಲ್ಲಿ ಬಿಟ್ಟಿದ್ದರೆ ಇದು ಸಿಗುವುದಿಲ್ಲ. ಮಗು ಅಲ್ಲಿಗೆ ಬಂದ ತಿಂಗಳಲ್ಲೇ ಅರ್ಜಿ ಹಾಕಿ. ಮಗುವನ್ನು ಕಾಯಂ ಆಗಿ ಊರಿಗೆ ಕಳಿಸಿದರೆ ಅದನ್ನೂ ತಿಳಿಸಿ, ಇಲ್ಲದಿದ್ದರೆ ಆಮೇಲೆ ಅಷ್ಟೂ ವಾಪಸ್ ಕೇಳುತ್ತಾರೆ.

ಮಗುವಿಗೆ ಹುಷಾರಿಲ್ಲದಿದ್ದರೆ ತಂದೆ ತಾಯಿಗೆ ತಲಾ ವರ್ಷಕ್ಕೆ 15 ದಿನ ಬಿಡುವಿದೆ, ಹಣ ವಿಮಾ ಸಂಸ್ಥೆಯಿಂದ. ಮಗು 12 ವರ್ಷದ ಒಳಗಿರಬೇಕು, ಮಗುವೂ ಬಿಡುವು ತೆಗೆದುಕೊಳ್ಳುವವರೂ ಸಾರ್ವಜನಿಕ ವಿಮೆಯಲ್ಲಿ ಇರಬೇಕು.

ಇಂಥದ್ದೆಲ್ಲ ತೆಗೆದುಕೊಂಡರೆ ಮುಂದೆ ಕಾಯಂ ವಾಸದ ಪರವಾನಗಿ ಸಿಗುವುದಿಲ್ಲ ಅಂತ ಒಂದು ಭಯ ಹಬ್ಬಿದೆ. ಕಿಂಡರ್‌ಗೆಲ್ಟ್, ಎಲ್ಟರ್ನ್‌ಗೆಲ್ಟ್, ಕಂತು ಕಟ್ಟಿ ಗಳಿಸಿದ ನಿರುದ್ಯೋಗ ಭತ್ಯೆ, ಇವು ಯಾವುವೂ ಸರ್ಕಾರದ ಮೇಲೆ ಬಿದ್ದು ಬದುಕಿದ ಲೆಕ್ಕಕ್ಕೆ ಬರುವುದಿಲ್ಲ. ಧೈರ್ಯವಾಗಿ ಅರ್ಜಿ ಹಾಕಿ. ಬ್ಯುರ್ಗರ್‌ಗೆಲ್ಟ್ ಮಾತ್ರ ಬೇರೆ, ಅದು ಆದಾಯ ಸಾಲದವರ ಹೊಟ್ಟೆಪಾಡಿಗೆ ಸರ್ಕಾರ ಕೊಡುವ ಭತ್ಯೆ, ಅದಕ್ಕೆ ಕೈ ಹಾಕುವ ಮುಂಚೆ ಸಲಹೆ ಕೇಳಿ.

ಕೆಲಸ ಹೋದರೆ

ಇಲ್ಲಿ ಗಡುವುಗಳು ದಿನದ ಲೆಕ್ಕದಲ್ಲಿ ಓಡುತ್ತವೆ. ಮೊದಲು ನೋಡಬೇಕಾದ್ದು, ಕಾಗದದಲ್ಲಿ ಪೆನ್ನಿನ ಸಹಿ ಇದೆಯಾ? ಇಮೇಲ್, ವಾಟ್ಸಾಪಲ್ಲಿ ಕೆಲಸದಿಂದ ತೆಗೆದರೆ ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ. ಕಾಗದ ಕೈಗೆ ಬಂದ ತಾರೀಖು ಬರೆದಿಟ್ಟುಕೊಳ್ಳಿ. ಅಲ್ಲಿಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗದಿದ್ದರೆ ತೆಗೆದಿದ್ದು ಸರಿ ಅಂತಲೇ ಆಗಿಬಿಡುತ್ತದೆ. 10ಕ್ಕಿಂತ ಜಾಸ್ತಿ ಜನ ಇರುವ ಕಡೆ 6 ತಿಂಗಳು ದಾಟಿದವರನ್ನು ಕಾರಣ ಇಲ್ಲದೆ ತೆಗೆಯುವಂತಿಲ್ಲ, ಅದಕ್ಕೇ ಈ ಮೂರು ವಾರ ಬೆಲೆಬಾಳುತ್ತದೆ.

ಅಗೆಂಟೂರ್ ಫ್ಯೂರ್ ಆರ್ಬೈಟ್ ಅನ್ನುವ ಉದ್ಯೋಗ ಕಚೇರಿಗೆ, ಕೆಲಸ ಮುಗಿಯುವ ಮೂರು ತಿಂಗಳು ಮುಂಚೆ ತಿಳಿಸಬೇಕು. ಅಷ್ಟು ಸಮಯ ಇಲ್ಲದಿದ್ದರೆ ಗೊತ್ತಾದ ಮೂರು ದಿನದೊಳಗೆ. ತಡವಾದರೆ ಒಂದು ವಾರದ ಭತ್ಯೆ ಹೋಗುತ್ತದೆ. ಆಮೇಲೆ ಕೆಲಸ ಇಲ್ಲದ ಮೊದಲ ದಿನಕ್ಕೆ ಇನ್ನೊಂದು ನೋಂದಣಿ. ಹಿಂದಿನ 30 ತಿಂಗಳಲ್ಲಿ 12 ತಿಂಗಳು ಕಂತು ಕಟ್ಟಿದ್ದರೆ 6 ತಿಂಗಳ ಭತ್ಯೆ, ಎರಡು ವರ್ಷ ಕಟ್ಟಿದವರಿಗೆ ಒಂದು ವರ್ಷದ ಭತ್ಯೆ. ನೆಟ್ಟೊದ ಶೇ. 60, ಮಗು ಇದ್ದವರಿಗೆ ಶೇ. 67.

ನೀವೇ ರಾಜೀನಾಮೆ ಕೊಟ್ಟರೆ ಸಾಮಾನ್ಯವಾಗಿ 12 ವಾರ ಭತ್ಯೆ ಇಲ್ಲ. ಕಂಪನಿಯವರು ಒಳ್ಳೆ ಮಾತಲ್ಲಿ ಕರೆದು, ಪರಸ್ಪರ ಒಪ್ಪಿ ಬಿಡೋಣ, ಇಲ್ಲಿ ಸಹಿ ಹಾಕಿ ಅನ್ನುತ್ತಾರೆ. ಅದಕ್ಕೂ ಅದೇ 12 ವಾರದ ಶಿಕ್ಷೆ ಬೀಳಬಹುದು. ಆ ದಿನ, ಆ ಕೋಣೆಯಲ್ಲಿ, ಯಾವುದಕ್ಕೂ ಸಹಿ ಹಾಕಬೇಡಿ. ಮನೆಗೆ ತೆಗೆದುಕೊಂಡು ಹೋಗಿ ಓದುತ್ತೇನೆ ಅನ್ನಿ. ಯೂನಿಯನ್ ಸದಸ್ಯರಾದರೆ ಅವರ ವಕೀಲರ ಸಲಹೆ ಸಿಗುತ್ತದೆ. ನರ್ಸ್‌ಗಳಿಗೆ ವೆರ್‌ಡಿ, ಕಾರ್ಖಾನೆ ಎಂಜಿನಿಯರುಗಳಿಗೆ ಐಜಿ ಮೆಟಾಲ್ ಇವೆ.

ವೀಸಾ ಕಚೇರಿಗೂ ಎರಡು ವಾರದೊಳಗೆ ತಿಳಿಸಬೇಕು, ಇದು ನಿಮ್ಮದೇ ಹೊಣೆ. ಮನಸ್ಸು ಕೆಟ್ಟಿದೆ, ಸ್ವಲ್ಪ ದಿನ ಊರಿಗೆ ಹೋಗಿ ಬರೋಣ ಅನಿಸುವುದು ಸಹಜ. ಆದರೆ ಭತ್ಯೆ ಸಿಗುವುದು ಅಲ್ಲೇ ಇದ್ದು ಕೆಲಸ ಹುಡುಕುವವರಿಗೆ. ಉದ್ಯೋಗ ಕಚೇರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದರೆ ವರ್ಷಕ್ಕೆ ಮೂರು ವಾರದವರೆಗೆ ಊರಿಗೆ ಬಂದು ಹೋಗಬಹುದು. ಹೇಳದೆ ಬಂದರೆ ಭತ್ಯೆ ನಿಲ್ಲುತ್ತದೆ.

ಊರಿಗೆ ಕಳಿಸುವ ಹಣ ಮತ್ತು ತೆರಿಗೆ

ಅಪ್ಪ ಅಮ್ಮನ ಜೀವನಕ್ಕೆ ಕಳಿಸುವ ಹಣವನ್ನು ತೆರಿಗೆಯಲ್ಲಿ ತೋರಿಸಬಹುದು. ಭಾರತಕ್ಕೆ ಮಿತಿ ಕಡಿಮೆ, ಜರ್ಮನಿಯ ಮಿತಿಯ ಕಾಲು ಭಾಗ, 2025ರಲ್ಲಿ ಒಬ್ಬರಿಗೆ ವರ್ಷಕ್ಕೆ 3,024 ಯೂರೊ. ಅವರಿಗೆ ಸ್ವಂತ ಆದಾಯ ಇದ್ದರೆ ಇದು ಇನ್ನೂ ಕಡಿಮೆಯಾಗುತ್ತದೆ, ಹಾಗಾಗಿ ಪೆನ್ಷನ್ ಬರುವ ಮೇಷ್ಟ್ರಿಗೆ ಕಳಿಸಿದರೆ ಹೆಚ್ಚೇನೂ ಸಿಗದು, ದುಡಿಯಲಾಗದ ವಯಸ್ಸಾದ ರೈತ ತಂದೆ ತಾಯಿಗೆ ಕಳಿಸಿದರೆ ಸಿಗುತ್ತದೆ. ಅಣ್ಣ ತಮ್ಮ, ಅಕ್ಕ ತಂಗಿಗೆ ಕಳಿಸಿದ್ದು ಲೆಕ್ಕಕ್ಕಿಲ್ಲ.

2025ರಿಂದ ಬ್ಯಾಂಕ್ ಮೂಲಕ, ಅವರದೇ ಖಾತೆಗೆ ಹೋದ ಹಣ ಮಾತ್ರ ನಡೆಯುತ್ತದೆ. ಊರಿಗೆ ಬರುವಾಗ ಕೈಯಲ್ಲಿ ಕೊಟ್ಟಿದ್ದು, ಅಣ್ಣನ ಖಾತೆಗೆ ಹಾಕಿ ಅಮ್ಮನಿಗೆ ಕೊಡು ಅಂದಿದ್ದು ನಡೆಯುವುದಿಲ್ಲ. ಅಮ್ಮನ ಹೆಸರಲ್ಲಿ ಖಾತೆ ಇರಲಿ. ಹಣ ಹೋದ ತಿಂಗಳಿಂದ ಮುಂದಕ್ಕೆ ಮಾತ್ರ ಲೆಕ್ಕ, ಡಿಸೆಂಬರಲ್ಲಿ ಒಂದೇ ಸಲ ಕಳಿಸಿದರೆ ಡಿಸೆಂಬರಿಗೆ ಮಾತ್ರ. ಜನವರಿಯಿಂದ ತಿಂಗಳು ತಿಂಗಳು ಕಳಿಸಿ. ಇದರ ಜೊತೆ ಇವರು ನಮ್ಮ ಮೇಲೆ ಅವಲಂಬಿತರು ಅನ್ನುವ ಫಾರ್ಮ್ ಇದೆ, ಜರ್ಮನ್ ಮತ್ತು ಇಂಗ್ಲಿಷಲ್ಲಿ ಸಿಗುತ್ತದೆ, ಅದಕ್ಕೆ ಊರಿನ ಸರ್ಕಾರಿ ಕಚೇರಿಯ ಮುದ್ರೆ ಬೇಕು. ರಜೆಗೆ ಬಂದಾಗ ತಾಲ್ಲೂಕು ಕಚೇರಿಗೆ ನೀವೇ ಹೋಗಿ ಮಾಡಿಸಿಕೊಳ್ಳಿ.

ತೆರಿಗೆ ವಿವರ ಸಲ್ಲಿಸುವುದು ಒಂದನೇ ವರ್ಗದ ಒಂಟಿ ಉದ್ಯೋಗಿಗೆ ಹೆಚ್ಚಾಗಿ ಕಡ್ಡಾಯವಲ್ಲ, ಆದರೆ ಸಲ್ಲಿಸಿದರೆ ಬಹಳ ಸಲ ಹಣ ವಾಪಸ್ ಬರುತ್ತದೆ. ಅದರಲ್ಲೂ ವರ್ಷದ ಮಧ್ಯೆ ಕೆಲಸಕ್ಕೆ ಸೇರಿದವರಿಗೆ. ಕಡ್ಡಾಯ ಇಲ್ಲದವರಿಗೆ ನಾಲ್ಕು ವರ್ಷದ ಸಮಯ ಇದೆ. ಎಲ್ಸ್ಟರ್ ಅನ್ನುವ ಸರ್ಕಾರಿ ಪೋರ್ಟಲಲ್ಲಿ ಪುಕ್ಕಟೆ ಮಾಡಬಹುದು.

ಕಂಪನಿ ತನ್ನ ಕಡೆಯಿಂದ ಕೊಡುವುದು

ಕೇಳಿದರೆ ಸಿಗುವ, ಕೇಳದಿದ್ದರೆ ಯಾರೂ ಹೇಳದ ಪಟ್ಟಿ ಇದು. ಬಸ್ಸು, ಲೋಕಲ್ ರೈಲಿಗೆಲ್ಲ ನಡೆಯುವ ಡೊಯ್ಚ್‌ಲಾಂಡ್ ಟಿಕೆಟ್ 2025ರಲ್ಲಿ ತಿಂಗಳಿಗೆ 58 ಯೂರೊ, ಕಂಪನಿ ಕಾಲು ಭಾಗ ಹಾಕಿದರೆ ಇನ್ನೂ ಶೇ. 5 ರಿಯಾಯಿತಿ. ತಿಂಗಳಿಗೆ 50 ಯೂರೊವರೆಗಿನ ಕೂಪನ್ ಕಾರ್ಡಿಗೆ ತೆರಿಗೆ ಇಲ್ಲ. ಉಳಿತಾಯ ಖಾತೆಗೆ ಕಂಪನಿ ತಿಂಗಳಿಗೆ 40 ಯೂರೊವರೆಗೆ ಹಾಕುವ ಯೋಜನೆ ಇದೆ, ಆದರೆ ಖಾತೆ ತೆರೆದು ನಂಬರ್ ಕೊಡುವುದು ನಿಮ್ಮ ಕೆಲಸ. ಕಂಪನಿ ಪೆನ್ಷನ್ನಿಗೆ ನಿಮ್ಮ ಸಂಬಳದಿಂದ ಹಾಕಿದರೆ, ಕಂಪನಿಗೆ ಅದರಿಂದ ವಿಮೆಯ ಕಂತು ಉಳಿಯುವಷ್ಟಕ್ಕೆ, ಶೇ. 15 ತಾನೂ ಸೇರಿಸಲೇಬೇಕು. ಎರಡು ಮೂರು ವರ್ಷಕ್ಕೆ ವಾಪಸ್ ಬರುವವರಿಗೆ ಈ ಕೊನೆಯದು ಬೇಡ ಅನ್ನುತ್ತೇನೆ, ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬವೇರಿಯಾದಲ್ಲಿ ಇಲ್ಲ, ಆದರೆ ಹೆಚ್ಚಿನ ರಾಜ್ಯಗಳಲ್ಲಿ ಓದಿಗೆ ಅಂತಲೇ ವರ್ಷಕ್ಕೆ 5 ದಿನ ಸಂಬಳ ಸಹಿತ ಬಿಡುವಿದೆ. ಜರ್ಮನ್ ಕಲಿಯೋಕೆ ಇದನ್ನು ಬಳಸಿಕೊಳ್ಳಿ.

ವಾಪಸ್ ಬರುವವರಿಗೆ: ಪೆನ್ಷನ್

ಪೆನ್ಷನ್ ಹಕ್ಕು ಬರಲು 60 ತಿಂಗಳು ಕಂತು ಕಟ್ಟಿರಬೇಕು. ಭಾರತ ಮತ್ತು ಜರ್ಮನಿಯ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಹಾಗಾಗಿ ಬೆಂಗಳೂರಲ್ಲಿ ಪಿಎಫ್ ಕಟ್ಟಿದ ವರ್ಷಗಳನ್ನೂ ಕೂಡಿಸಿ ಹಕ್ಕನ್ನು ಲೆಕ್ಕ ಹಾಕಲು ಅವಕಾಶ ಇದೆ, ದಾವಣಗೆರೆಯಲ್ಲಿ ಕೂತೇ ಜರ್ಮನಿಯ ಪೆನ್ಷನ್ ಪಡೆಯಬಹುದು. 1964 ಅಥವಾ ಆಮೇಲೆ ಹುಟ್ಟಿದವರಿಗೆ ವಯಸ್ಸು 67. ಬೆಂಗಳೂರಿನ ಕಂಪನಿಯೇ ನಿಮ್ಮನ್ನು ಸ್ವಲ್ಪ ಕಾಲಕ್ಕೆ ಅಲ್ಲಿಗೆ ಕಳಿಸಿದ್ದರೆ ವಿಷಯ ಬೇರೆ. ಇಲ್ಲಿನ ಪಿಎಫ್ ಸಂಸ್ಥೆಯಾದ ಇಪಿಎಫ್‌ಒದಿಂದ ಪ್ರಮಾಣಪತ್ರ ತೆಗೆದುಕೊಂಡು ಹೋದರೆ ಅಲ್ಲಿ ಪೆನ್ಷನ್ ಕಂತು ಕಡಿಯುವುದಿಲ್ಲ, ಇಲ್ಲಿನ ಪಿಎಫ್ ಮುಂದುವರಿಯುತ್ತದೆ.

60 ತಿಂಗಳು ಆಗುವ ಮುಂಚೆ ವಾಪಸ್ ಬಂದವರು, ಬಿಟ್ಟು 24 ತಿಂಗಳು ಕಾದು, ತಾವು ಕಟ್ಟಿದ ಪಾಲನ್ನು ವಾಪಸ್ ಕೇಳಬಹುದು. ಕಂಪನಿಯ ಪಾಲು ಬರುವುದಿಲ್ಲ. ಒಮ್ಮೆ ತೆಗೆದುಕೊಂಡರೆ ಆ ತಿಂಗಳುಗಳ ಹಕ್ಕು ಪೂರ್ತಿ ಅಳಿಸಿಹೋಗುತ್ತದೆ. ಮತ್ತೆ ಜರ್ಮನಿಗೆ ಹೋಗುವ ಸಾಧ್ಯತೆ ಸ್ವಲ್ಪ ಇದ್ದರೂ ಮುಟ್ಟಬೇಡಿ. ಯಾಕೆಂದರೆ ಕಾಯಂ ವಾಸದ ಪರವಾನಗಿಗೂ ಪೆನ್ಷನ್ ಕಂತಿನ ತಿಂಗಳುಗಳನ್ನೇ ಎಣಿಸುತ್ತಾರೆ. ಬ್ಲೂ ಕಾರ್ಡಿನವರಿಗೆ 27 ತಿಂಗಳು, ಬಿ1 ಮಟ್ಟದ ಜರ್ಮನ್ ಬಂದರೆ 21. ನಾಲ್ಕೂವರೆ ವರ್ಷ ಆಗಿದ್ದರೆ ಇನ್ನಾರು ತಿಂಗಳು ಇದ್ದು 60 ತುಂಬಿಸಿ ಬನ್ನಿ ಅನ್ನುವುದು ನನ್ನ ಸಲಹೆ.

ಹೊರಡುವ ಮುಂಚೆ ಇಷ್ಟು ಕಾಗದ ಬ್ಯಾಗಿಗೆ ಹಾಕಿಕೊಳ್ಳಿ: ಸಾಮಾಜಿಕ ವಿಮೆ ಸಂಖ್ಯೆಯ ಪತ್ರ, ಪ್ರತಿ ವರ್ಷ ಕಂಪನಿ ಕೊಡುವ ವಿಮೆ ಮತ್ತು ತೆರಿಗೆಯ ವಾರ್ಷಿಕ ಹಾಳೆಗಳು, ವಿಳಾಸ ರದ್ದು ಮಾಡಿಸಿದ ಪತ್ರ. ಡೊಯ್ಚೆ ರೆಂಟನ್‌ಫರ್‌ಸಿಖರುಂಗ್ ಅನ್ನುವ ಪೆನ್ಷನ್ ಸಂಸ್ಥೆಗೆ ನಿಮ್ಮ ಊರಿನ ಹೊಸ ವಿಳಾಸ ಬರೆದು ಕಳಿಸಿ. ಮನೆ ಬದಲಾಯಿಸಿದಾಗಲೆಲ್ಲ ಮತ್ತೆ ಬರೆಯಿರಿ, ಅವರ ಪತ್ರಗಳು ಬರುವುದು ಅದೇ ವಿಳಾಸಕ್ಕೆ.